ಹೊಲದ ಯೂರಿಯಾ, ಅಳಿವೆಯ ಮೀನು

ನಮ್ಮ ಒಡೆಯರಪಾಳ್ಯದಿಂದ ಸಮುದ್ರ ಬಹಳ ದೂರ. ಇಲ್ಲಿನ ಬಹುಪಾಲು ಮಕ್ಕಳು ಅದನ್ನು ಕಂಡಿರುವುದು ಚಿತ್ರಗಳಲ್ಲಿ ಮಾತ್ರ. ತರಗತಿಯಲ್ಲಿ ‘ಅಳಿವೆ’ ಎಂಬ ಪದ ಬಂದಾಗ ಹುಡುಗನೊಬ್ಬ, ‘ಸಾರ್, ಅದು ನಮಗೇಕೆ?’ ಎಂದು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ‘ನಿಮ್ಮ ಮುಸುಕಿನ ಜೋಳಕ್ಕೆ ಈ ಸಲ ಎಷ್ಟು ಯೂರಿಯಾ ಹಾಕಿದಿರಿ?’ ಎಂದೆ. ‘ಎಕರೆಗೆ ಮೂರು ಮೂಟೆ ಸಾರ್. ಹಾಕಿದ ರಾತ್ರಿಯೇ ಜೋರು ಮಳೆ ಬಂತು.’

ಅವನ ಪ್ರಶ್ನೆಗೆ ಉತ್ತರ ಆ ಮಳೆಯಲ್ಲೇ ಇದೆ.

ಗೊಬ್ಬರದ ಪ್ರಯಾಣ

45 ಕಿಲೊ ಯೂರಿಯಾ ಮೂಟೆಯಲ್ಲಿ ಶೇ. 46ರಷ್ಟು, ಅಂದರೆ 20 ಕಿಲೊಗಿಂತ ತುಸು ಹೆಚ್ಚು ಸಾರಜನಕವಿರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯಾವನ್ನು ಅಮೋನಿಯಾ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳಲಾರದು. ಬೆಳೆ ಹೀರದೆ ಉಳಿದದ್ದು ನೀರಿನೊಡನೆ ಇಳಿದು ಬಾವಿ ಸೇರುತ್ತದೆ, ಇಲ್ಲವೇ ಹಳ್ಳಕ್ಕೆ ಹರಿಯುತ್ತದೆ. ಡಿಎಪಿಯಲ್ಲಿರುವ ರಂಜಕದ ದಾರಿ ಬೇರೆ. ಅದು ಜೇಡಿಯ ಕಣಗಳಿಗೆ ಅಂಟಿಕೊಂಡು, ಕೊಚ್ಚಿಹೋಗುವ ಮಣ್ಣಿನ ಜೊತೆ ಸಾಗುತ್ತದೆ.

ಉಡುತೊರೆ ಹಳ್ಳವಿರಲಿ, ಗಡಿಯ ಪಾಲಾರ್ ಹಳ್ಳವಿರಲಿ, ಈ ಭಾಗದ ನೀರೆಲ್ಲ ಕೊನೆಗೆ ಸೇರುವುದು ಕಾವೇರಿಯನ್ನು. ಅಷ್ಟರಲ್ಲಾಗಲೇ ಕನಕಪುರದ ಬಳಿಯ ಸಂಗಮದಲ್ಲಿ ಅರ್ಕಾವತಿ ನದಿಯು ಬೆಂಗಳೂರಿನ ಕೊಳಚೆಯ ಒಂದು ಪಾಲನ್ನು ವೃಷಭಾವತಿಯ ಮೂಲಕ ತಂದು ಸೇರಿಸಿರುತ್ತದೆ. ಕೊಳಚೆಯಲ್ಲಿ ಇರುವುದೂ ಅವೇ ಸಾರಜನಕ, ರಂಜಕ. ಕಾವೇರಿ ಮುಂದೆ ಹೊಗೇನಕಲ್, ಮೆಟ್ಟೂರು ದಾಟಿ ಶ್ರೀರಂಗದ ಮೇಲ್ಗಡೆ ಕವಲೊಡೆಯುತ್ತದೆ. ಕೊಳ್ಳಿಡಂ ಎಂಬ ಕವಲು ಪಿಚಾವರಂನ ಕಾಂಡ್ಲಾ ಕಾಡಿನ ದಕ್ಷಿಣಕ್ಕೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಹೀಗೆ ನದಿಯ ಸಿಹಿನೀರು, ಕಡಲಿನ ಉಪ್ಪುನೀರು ಬೆರೆಯುವ ತಾಣವೇ ಅಳಿವೆ. ದಾರಿಯಲ್ಲಿ ಪೋಷಕಾಂಶದ ಒಂದು ಪಾಲನ್ನು ಗಿಡಗಳೂ ಸೂಕ್ಷ್ಮಜೀವಿಗಳೂ ಬಳಸಿಕೊಳ್ಳುತ್ತವೆ. ಇನ್ನೊಂದು ಪಾಲು ಅಣೆಕಟ್ಟಿನ ಹೂಳು ಸೇರುತ್ತದೆ. ಉಳಿದದ್ದು ಅಳಿವೆಯ ಪಾಲಿಗೆ.

ಅಮೃತವೂ ವಿಷವೂ

ಅಳಿವೆಯಲ್ಲಿ ಪೋಷಕಾಂಶ ಎಲ್ಲೆಡೆ ಸಮನಾಗಿರುವುದಿಲ್ಲ. ಸಾಮಾನ್ಯವಾಗಿ ನದಿಯ ಕಡೆ ನೈಟ್ರೇಟ್ ಹೆಚ್ಚು. ಕಡಲಿನತ್ತ ಉಪ್ಪು ಏರಿದಂತೆ ಅದು ಇಳಿಯುತ್ತದೆ. ಮಳೆಗಾಲದ ಪ್ರವಾಹ ಅದನ್ನು ಹೆಚ್ಚಿಸುತ್ತದೆ. ರಂಜಕವು ತಳದ ಕೆಸರಿನಲ್ಲಿ ಕೂತಿದ್ದು, ಆಮ್ಲಜನಕ ಕಡಿಮೆಯಾದಾಗ ಮತ್ತೆ ನೀರಿಗೆ ಬರುತ್ತದೆ. ಹಾಗಾಗಿ ಮೇಲಿನಿಂದ ಹರಿದು ಬರುವುದು ನಿಂತರೂ ಅಳಿವೆ ಒಡನೆಯೇ ಚೇತರಿಸಿಕೊಳ್ಳದು.

ಮಿತವಾಗಿದ್ದರೆ ಇದೇ ಪೋಷಕಾಂಶ ಅಮೃತ. ಅದನ್ನುಂಡು ಸೂಕ್ಷ್ಮ ಪಾಚಿ ಬೆಳೆಯುತ್ತದೆ. ಪಾಚಿಯ ಆಸರೆಯಲ್ಲಿ ಸಿಗಡಿ, ಏಡಿ, ಮೀನುಮರಿಗಳು ಬೆಳೆಯುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳ ಅನ್ನವೂ ಇದರಿಂದಲೇ.

ಅತಿಯಾದರೆ ಪಾಚಿ ಮಿತಿಮೀರಿ ಹಬ್ಬುತ್ತದೆ. ಹಗಲು ಆಮ್ಲಜನಕ ಬಿಡುವ ಪಾಚಿ ರಾತ್ರಿ ಅದನ್ನು ಬಳಸುತ್ತದೆಯೇ ಹೊರತು ಬಿಡುವುದಿಲ್ಲ. ಸತ್ತ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳೂ ಆಮ್ಲಜನಕವನ್ನೇ ಖರ್ಚು ಮಾಡುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ಅದು 2ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ಉಳಿಯಲಾರವು. ಅಮೆರಿಕದ ಮಿಸಿಸಿಪಿ ನದಿ ಸೇರುವ ಕಡಲಿನಲ್ಲಿ ಪ್ರತಿ ಬೇಸಿಗೆಯಲ್ಲೂ ಇಂಥ ‘ಸತ್ತ ವಲಯ’ ಉಂಟಾಗುತ್ತದೆ. ಹಸಿರುಗಟ್ಟಿದ ಊರ ಕೆರೆಯಲ್ಲಿ ಮೀನುಗಳು ಬೆಳಗಿನ ಜಾವವೇ ತೇಲುವುದೇಕೆಂದು ಈಗ ನೀವೇ ಹೇಳಬಲ್ಲಿರಿ.

ಮನೆಯ ಬಾಗಿಲಲ್ಲೇ

ಪೋಷಕರು ಗಮನಿಸಬೇಕಾದ ಮಾತೊಂದಿದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಹೆಚ್ಚಾದರೆ ಎಳೆ ಹಸುಗೂಸುಗಳ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ನೀರನ್ನು ಕುದಿಸಿದರೆ ನೈಟ್ರೇಟ್ ಹೋಗದು. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದೇ ಸರಿಯಾದ ದಾರಿ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಎರಡು ಗಾಜಿನ ಸೀಸೆಗಳಿಗೆ ಕೆರೆಯ ನೀರು ತುಂಬಿ. ಒಂದಕ್ಕೆ ಮಾತ್ರ ಚಿಟಿಕೆ ಡಿಎಪಿ ಹಾಕಿ, ಎರಡನ್ನೂ ಕಿಟಕಿಯ ಬೆಳಕಿನಲ್ಲಿಡಿ. ಎರಡು ವಾರ ಬಣ್ಣವನ್ನು ಬರೆದಿಡುತ್ತಾ ಹೋಗಿ. ಬಳಿಕ ಆ ನೀರನ್ನು ಕೆರೆಗೆ ಸುರಿಯದೆ ಗಿಡದ ಬುಡಕ್ಕೆ ಹಾಕಿ, ಕೈ ತೊಳೆದುಕೊಳ್ಳಿ.

ಹೊಲದಲ್ಲಿ ಮಾಡುವುದೂ ಕಷ್ಟದ್ದಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಹಾಕುವುದು, ಯೂರಿಯಾವನ್ನು ಒಮ್ಮೆಲೇ ಸುರಿಯದೆ ಕಂತಿನಲ್ಲಿ ಕೊಡುವುದು, ಜೋರು ಮಳೆಯ ಮುನ್ಸೂಚನೆ ಇದ್ದಾಗ ತಡೆಯುವುದು, ಬದುವಿನಲ್ಲಿ ಹುಲ್ಲು ಉಳಿಸುವುದು.

ಮರುದಿನ ಆ ಹುಡುಗ ಬಂದು, ‘ಅಪ್ಪ ಕೇಳಿಕೊಂಡು ಬಾ ಅಂದರು ಸಾರ್. ದುಡ್ಡು ಕೊಟ್ಟು ತಂದದ್ದರಲ್ಲಿ ಬೆಳೆಗೆಷ್ಟು ಹೋಯಿತು, ಹಳ್ಳಕ್ಕೆಷ್ಟು ಹೋಯಿತು?’ ಎಂದ. ಹೋದದ್ದನ್ನು ಲೆಕ್ಕ ಹಾಕಲಾಗದು. ಮುಂದಿನ ಬಿತ್ತನೆಗೆ ಮೊದಲು ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸಲು ಹೇಳಿದ್ದೇನೆ.