ಎಂ.ಎ. ಓದಿದ ಅಕ್ಕ, ನನ್ನ ಮಗಳು ಮತ್ತು ಆನೆ ಬಂದ ದಿನಗಳು

ಬೆಳಗ್ಗೆ ಏಳೂವರೆಗೆ ಆ ನಂಬರಿನಿಂದ ಫೋನ್ ಬಂತು ಅಂದ್ರೆ ನನಗೆ ವಿಷಯ ಗೊತ್ತಾಗಿಬಿಡುತ್ತೆ. “ಮೇಡಂ, ತೋಟದ ಗೇಟ್ ಹತ್ರ ಆನೆ ನಿಂತಿದೆಯಂತೆ. ದಾರಿ ಬಿಟ್ಟ ಮೇಲೆ ಬರ್ತೀನಿ.” ಒಂಬತ್ತೂವರೆಗೆ ನನಗೆ ಟೀಮ್ ಮೀಟಿಂಗ್. ತೊಡೆ ಮೇಲೆ ಹತ್ತು ತಿಂಗಳ ಮಗಳು, ಮುಂದೆ ಲ್ಯಾಪ್‌ಟಾಪ್. ಅವಳು ಕೈಗೆ ಸಿಕ್ಕ ಗುಂಡಿ ಒತ್ತಿ ಮೀಟಿಂಗೇ ಕಟ್ ಮಾಡಿದ ದಿನವೂ ಇದೆ.

ಸಕಲೇಶಪುರ, ಆಲೂರು ಕಡೆಯವರಿಗೆ ಆನೆ ಹೊಸ ಸುದ್ದಿಯಲ್ಲ. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ್ದರು. ಆಮೇಲೂ ಕಾಫಿ ತೋಟಕ್ಕೆ ಆನೆ ಬರೋದು ನಿಂತಿಲ್ಲ. ಆನೆ ಎಲ್ಲಿದೆ ಅನ್ನೋ ಸಂದೇಶ ಮೊಬೈಲಿಗೆ ಬರುತ್ತೆ, ಜನ ಅದನ್ನು ನೋಡಿಕೊಂಡೇ ಮನೆ ಬಿಡ್ತಾರೆ. ನನಗೆ ಹೊಸದಾಗಿದ್ದು ಬೇರೆ ವಿಷಯ. ಆ ದಾರಿಯಲ್ಲಿ ನಡೆದು ಬಂದು ನನ್ನ ಮಗು ನೋಡಿಕೊಳ್ಳುವವರು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ್ದಾರೆ. ನಾನು ಓದಿರೋದು ಬಿ.ಇ. ಮಾತ್ರ.

ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ

26 ವಾರಗಳ ಹೆರಿಗೆ ರಜೆ ಮುಗಿದ ಮೇಲೆ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಲು ಒಪ್ಪಿದರು. ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಬಾಳ್ಳುಪೇಟೆ ಹತ್ತಿರದ ಗಂಡನ ಊರಿಗೆ ಬಂದೆವು. ಅತ್ತೆ ಇದ್ದಾರಲ್ಲ ಅನ್ನೋ ಧೈರ್ಯ. ಆದರೆ ಅತ್ತೆಗೆ ಮಂಡಿನೋವು, ಅಂಬೆಗಾಲಿಡುವ ಮಗುವಿನ ಹಿಂದೆ ಓಡಾಡೋಕಾಗಲ್ಲ. ಕಾಫಿ ಹಣ್ಣು ಕೊಯ್ಯುವ ಸಮಯದಲ್ಲಿ ಮನೆಗೆಲಸಕ್ಕೆ ಯಾರೂ ಸಿಗುವುದಿಲ್ಲ. ಕೊನೆಗೆ ಪಕ್ಕದ ತೋಟದ ರೈಟರ್ ಒಬ್ಬರ ವಿಷಯ ಹೇಳಿದರು. “ತುಂಬಾ ಓದಿದೋರು. ಬರ್ತಾರೋ ಇಲ್ವೋ, ಕೇಳಿ ನೋಡ್ತೀನಿ.”

ಮಾರನೇ ದಿನ ಅವರು ಬಂದರು, ಹಿತ್ತಿಲ ಬಾಗಿಲಿನಿಂದ. ಮೂವತ್ತೆಂಟರ ವಯಸ್ಸು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಬಯೋಡೇಟಾ, ಹಾಸನದ ಹೇಮಗಂಗೋತ್ರಿಯಲ್ಲಿ ಓದಿದ ಎಂ.ಎ. ಅಂಕಪಟ್ಟಿ, ಪ್ರಥಮ ದರ್ಜೆ. ಮಗು ನೋಡಿಕೊಳ್ಳೋ ಕೆಲಸಕ್ಕೆ ಅಂಕಪಟ್ಟಿ ತಂದವರನ್ನು ಅತ್ತೆ ನೋಡಿದ್ದು ಅದೇ ಮೊದಲು. ನನ್ನ ಗಂಡ ರಾತ್ರಿ ಹೇಳಿದ್ದು, “ಓವರ್ ಕ್ವಾಲಿಫೈಡ್ ಕಣೇ, ನಿಲ್ಲಲ್ಲ.” ನಮ್ಮ ಆಫೀಸಿನ ಇಂಟರ್‌ವ್ಯೂಗಳಲ್ಲಿ ನಾನೂ ಇದೇ ಮಾತು ಹೇಳಿ ಎಷ್ಟೋ ಜನರನ್ನು ಬೇಡ ಅಂದಿದ್ದೇನೆ.

ಅವರು ಈ ಕೆಲಸಕ್ಕೆ ಬಂದಿದ್ದು ಯಾಕೆ? ಆರು ವರ್ಷ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದರು. ಪ್ರತಿ ವರ್ಷ ಹೊಸದಾಗಿ ಅರ್ಜಿ, ರಜೆಯ ತಿಂಗಳುಗಳಲ್ಲಿ ಸಂಬಳ ಇಲ್ಲ. ನೆಟ್ ಅಥವಾ ಕೆ-ಸೆಟ್ ಪಾಸಾಗದವರಿಗೆ ಬಾಗಿಲು ಕಿರಿದಾಗ್ತಾ ಬಂತು. ಅಂಗನವಾಡಿ ಕಾರ್ಯಕರ್ತೆ ಹುದ್ದೆಗೂ ಪ್ರಯತ್ನಿಸಿದ್ದರಂತೆ. ಅದಕ್ಕೆ ಅದೇ ಊರಿನವರಾಗಿರಬೇಕು, ಇವರ ಊರಲ್ಲಿ ಜಾಗ ಖಾಲಿ ಇರಲಿಲ್ಲ. ಬೆಂಗಳೂರಿಗೆ ಹೋಗೋಣ ಅಂದರೆ ಹಾಸಿಗೆ ಹಿಡಿದ ಅತ್ತೆ, ಹೈಸ್ಕೂಲಿನ ಮಗ. “ಓದು ಊರು ಬಿಡೋರಿಗೆ ಉಪಯೋಗಕ್ಕೆ ಬರುತ್ತೆ ಮೇಡಂ. ಊರಲ್ಲೇ ಇರಬೇಕಾದೋರಿಗೆ ಕಷ್ಟ” ಅಂದರು.

ಸಂಬಳದ ಲೆಕ್ಕ

ಎಷ್ಟು ಕೊಡಬೇಕು ಅಂತ ಕೇಳಿದೆ. ಅವರು ಉತ್ತರ ಹೇಳುವ ಮೊದಲೇ ಅತ್ತೆ, “ತೋಟದ ಹೆಣ್ಣಾಳಿಗೆ ಕೊಡೋ ಹಾಗೆ ಲೆಕ್ಕ ಹಾಕಿದ್ರಾಯ್ತು. ಮಗು ನೋಡ್ಕೊಳ್ಳೋದೇನು ಮಹಾ?” ಅಂದರು. ನಾನು ಸುಮ್ಮನಿದ್ದೆ. ಅಷ್ಟಕ್ಕೇ ಮುಗಿದರೆ ಒಳ್ಳೆಯದು ಅಂತ ಮನಸ್ಸಿನ ಮೂಲೆಯಲ್ಲಿ ಇತ್ತು, ಸುಳ್ಳು ಯಾಕೆ ಹೇಳಲಿ.

ಅವರು ಬ್ಯಾಗಿನಿಂದ ನೋಟ್‌ಬುಕ್ ತೆಗೆದರು. ಬೆಳಗ್ಗೆ ಒಂಬತ್ತರಿಂದ ಸಂಜೆ ಆರು, ಬಸ್ಸಿನ ಖರ್ಚು, ವಾರಕ್ಕೊಂದು ರಜೆ, ಆನೆ ಬಂದ ದಿನ ಸಂಬಳ ಹಿಡಿಯಬಾರದು. ನಾಲ್ಕು ಸಾಲು ಬರೆದು ನನ್ನ ಮುಂದಿಟ್ಟರು. ಆಮೇಲೆ ಪಾಠ ಮಾಡೋರ ದನಿಯಲ್ಲೇ ಹೇಳಿದರು. “1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲಿ 50 ಜನ ಹೆಣ್ಣಾಳು ಇರೋ ತೋಟದಲ್ಲಿ ಶಿಶುಪಾಲನಾ ಕೋಣೆ ಇರಬೇಕು ಅಂತ ಬರೆದಿದ್ದರು ಮೇಡಂ. ಅದನ್ನ ನೋಡ್ಕೊಳ್ಳೋರು ಮಕ್ಕಳ ಆರೈಕೆಯಲ್ಲಿ ತರಬೇತಿ ಪಡೆದ ಹೆಂಗಸೇ ಆಗಿರಬೇಕು ಅಂತಾನೂ ಇತ್ತು. ತೋಟದ ಆಳಿನ ಮಗೂಗೆ ತರಬೇತಿ ಬೇಕು ಅಂತ ಆವಾಗಲೇ ಯೋಚಿಸಿದ್ದರು.”

ಆಮೇಲೆ ನಾನೂ ಹುಡುಕಿ ಓದಿದೆ. ಮನೆಗೆಲಸದವರಿಗೆ ಕನಿಷ್ಠ ಕೂಲಿ ನಿಗದಿ ಮಾಡುವ ಕೆಲಸ ನಮ್ಮ ರಾಜ್ಯದಲ್ಲಿ 2004ರಲ್ಲೇ ಆಗಿದೆ. ಇಂಗ್ಲೆಂಡಿನಲ್ಲಿ ಎಮಿಲಿ ವಾರ್ಡ್ ಅನ್ನುವವರು ಮಕ್ಕಳ ಆರೈಕೆ ಕಲಿಸುವ ನಾರ್ಲ್ಯಾಂಡ್ ಸಂಸ್ಥೆ ಶುರು ಮಾಡಿದ್ದು 1892ರಲ್ಲಿ. ಅಲ್ಲಿ ಇವತ್ತು ಇದೇ ಕೆಲಸಕ್ಕೆ ಪದವಿ ಓದುತ್ತಾರೆ. ನಮ್ಮಲ್ಲಿ 2023–24ರ ಬಜೆಟ್‌ನಲ್ಲಿ ಹೇಳಿದ ‘ಕೂಸಿನ ಮನೆ’ ಯೋಜನೆಯಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಪಂಚಾಯಿತಿಯಲ್ಲಿ ನೋಡಿಕೊಳ್ಳುತ್ತಾರೆ, ಅಲ್ಲಿನ ಹೆಂಗಸರಿಗೂ ತರಬೇತಿ ಕೊಡುತ್ತಾರೆ. ಇಷ್ಟೆಲ್ಲ ಇದ್ದರೂ ಮನೆಯೊಳಗಿನ ಮಗುವಿನ ವಿಷಯ ಬಂದಾಗ ‘ಏನು ಮಹಾ’ ಅನ್ನುತ್ತೇವೆ. ಒಂಬತ್ತು ಸಾವಿರ ಅಂದುಕೊಂಡಿದ್ದ ನಾನು ಹದಿನೈದಕ್ಕೆ ಒಪ್ಪಿದೆ. ನನ್ನ ಸಂಬಳದ ಮುಂದೆ ಅದು ದೊಡ್ಡದೇನಲ್ಲ.

ಅವರು ಮಾಡೋ ಕೆಲಸ

ಅವರು ಬಂದ ಮೇಲೆ ಅಡುಗೆಮನೆ ಗೋಡೆಗೆ ಒಂದು ಹಾಳೆ ಅಂಟಿತು. ರಾಗಿ ಸರಿ ಎಷ್ಟು ತಿಂದಳು, ಎಷ್ಟು ಹೊತ್ತು ಮಲಗಿದಳು, ಇವತ್ತು ಹೊಸದಾಗಿ ಏನು ಮಾಡಿದಳು. ನಾವು ಸಾಫ್ಟ್‌ವೇರಿನ ದೋಷಗಳನ್ನು ಬರೆದಿಡೋ ಹಾಗೆ. ಹೊಸ ತಿನಿಸು ಕೊಟ್ಟರೆ ಮೂರು ದಿನ ಬೇರೇನೂ ಹೊಸದು ಕೊಡಲ್ಲ, ಒಗ್ಗದಿದ್ದರೆ ಯಾವುದರಿಂದ ಅಂತ ಗೊತ್ತಾಗಬೇಕು ಅಂತ. ಮಗಳ ಜೊತೆ ಬಾಯಿ ಬಿಡುವಿಲ್ಲದೆ ಮಾತಾಡುತ್ತಾರೆ. ಮೆಣಸಿನ ಬಳ್ಳಿ, ಕಣದಲ್ಲಿ ಹರಡಿದ ಕಾಫಿ, ಮಳೆ, ಎಲ್ಲದರ ಬಗ್ಗೆ. ಮೊಬೈಲ್ ತೋರಿಸಲ್ಲ. “ಉತ್ತರ ಕೊಡೋಕೆ ಬರಲ್ಲ ಅಷ್ಟೆ, ಕೇಳಿಸ್ಕೊಳ್ತಾಳೆ” ಅನ್ನುತ್ತಾರೆ.

ಒಂದು ಮಧ್ಯಾಹ್ನ ಮಗಳು ಮಲಗಿದ್ದಾಗ ನನಗೂ ಪಾಠ ಆಯ್ತು. ಪಿಗು ಅನ್ನೋ ಅರ್ಥಶಾಸ್ತ್ರಜ್ಞ 1920ರಷ್ಟು ಹಿಂದೆಯೇ ಒಂದು ವಿಚಿತ್ರ ತೋರಿಸಿದ್ದನಂತೆ. ಒಬ್ಬ ತನ್ನ ಮನೆಗೆಲಸದಾಕೆಯನ್ನು ಮದುವೆಯಾದರೆ ದೇಶದ ಆದಾಯ ಕಡಿಮೆ ಆಗುತ್ತೆ! ಕೆಲಸ ಅದೇ, ಆದರೆ ಸಂಬಳ ಇಲ್ಲ, ಹಾಗಾಗಿ ಲೆಕ್ಕಕ್ಕೂ ಇಲ್ಲ. 2019ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರಿಗೆ ದಿನಕ್ಕೆ 299 ನಿಮಿಷ, ಗಂಡಸರಿಗೆ 97 ನಿಮಿಷ ಹೋಗುತ್ತೆ. “ಇಷ್ಟು ದಿನ ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಕಟ್ಟೋಕೆ ಹೋದ್ರೆ ಎಲ್ಲರಿಗೂ ಜಾಸ್ತಿ ಅನ್ಸುತ್ತೆ” ಅಂದರು. ಅತ್ತೆ ಒಳಗಿನಿಂದ ಕೇಳಿಸಿಕೊಳ್ತಾ ಇದ್ದರು. ಏನೂ ಹೇಳಲಿಲ್ಲ.

ಅವತ್ತು ಬಂದ ಹುಡುಗ

ಈ ಬರಹ ಬರೆಯೋಕೆ ಕಾರಣವಾದ ಘಟನೆ ಇನ್ನೊಂದು. ಬ್ಯಾಂಕಿನಿಂದ ಬೆಳೆಸಾಲದ ಕಾಗದಕ್ಕೆ ಮಾವನ ಸಹಿ ಹಾಕಿಸಿಕೊಳ್ಳೋಕೆ ಒಬ್ಬ ಹುಡುಗ ಬಂದ. ಅಂಗಳದಲ್ಲಿ ಅವರು ಮಗಳ ಬಟ್ಟೆ ಒಣಹಾಕ್ತಾ ಇದ್ದರು. ಹುಡುಗ ಗಕ್ಕನೆ ನಿಂತ. “ಮೇಡಂ... ನೀವಿಲ್ಲಿ?” ಅವರ ಹಳೇ ವಿದ್ಯಾರ್ಥಿ. ಅವನಿಗೆ ಕೈ ಕಾಲು ಆಡಲಿಲ್ಲ. ಅವರು ಬಕೆಟ್ ಕೆಳಗಿಟ್ಟು, “ಚೆನ್ನಾಗಿದ್ದೀಯೇನಪ್ಪ? ಕೆಲಸ ಸಿಕ್ತಾ?” ಅಂತ ವಿಚಾರಿಸಿದರು.

ನಾನು ಬಾಗಿಲಲ್ಲೇ ಇದ್ದೆ. ಕಿವಿಯಲ್ಲಿ ಹೆಡ್‌ಫೋನ್. ಏನು ಮಾತಾಡಬೇಕೋ ಗೊತ್ತಾಗದೆ, “ಪಾಪು ಎದ್ದಿದೆ, ನೋಡಿ” ಅಂತ ಹೇಳಿ ಒಳಗೆ ಬಂದೆ. ಮಗಳು ಎದ್ದಿರಲಿಲ್ಲ.

ಸಂಜೆ ಹೊರಡುವಾಗ ಅವರೇ ವಿಷಯ ತೆಗೆದರು. “ಈ ಕೆಲಸಕ್ಕೆ ನಂಗೆ ನಾಚಿಕೆ ಇಲ್ಲ ಮೇಡಂ. ಅವನು ನೋಡಿದ್ದಕ್ಕೂ ಬೇಜಾರಿಲ್ಲ. ‘ಇವರು ನಮ್ಮ ಮಗಳನ್ನ ನೋಡ್ಕೊಳ್ತಾರೆ’ ಅಂತ ನೀವು ಒಂದು ಮಾತು ಹೇಳಬಹುದಿತ್ತು. ನಾಚಿಕೆ ಪಟ್ಟಿದ್ದು ನೀವು.”

ನಿಜ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇಷ್ಟು ಓದಿದವರನ್ನು ಕೆಲಸಕ್ಕಿಟ್ಟುಕೊಂಡಿದ್ದೇನೆ ಅನ್ನೋ ಮುಜುಗರವನ್ನು ನಾನು ಅವರ ಮೇಲಿನ ಗೌರವ ಅಂತ ತಿಳಿದುಕೊಂಡಿದ್ದೆ. ಅವರ ಕೆಲಸ ಚಿಕ್ಕದು ಅಂತ ನನ್ನ ಮನಸ್ಸಲ್ಲೂ ಇತ್ತು. ಅತ್ತೆ ಅದನ್ನ ಬಾಯಿಬಿಟ್ಟು ಹೇಳಿದ್ದರು, ನಾನು ಹೇಳಿರಲಿಲ್ಲ.

ಮಾರನೇ ದಿನ ಕ್ಷಮೆ ಕೇಳಿದೆ. “ಇನ್ಮೇಲೆ ನನ್ನನ್ನ ಮೇಡಂ ಅನ್ನಬೇಡಿ ಅಕ್ಕ” ಅಂದೆ. ನಕ್ಕರು. ಈಗಲೂ ಒಮ್ಮೊಮ್ಮೆ ಬಾಯಿತಪ್ಪಿ ಮೇಡಂ ಅಂತಾರೆ. ಹಿತ್ತಿಲ ಬಾಗಿಲಿನಿಂದ ಬರೋದು ಮಾತ್ರ ನಿಂತಿದೆ. ಮುಂಬಾಗಿಲ ಚಿಲಕ ತೆಗೆಯೋದು ನಮ್ಮ ಅತ್ತೆಯೇ.

ನಿಮ್ಮ ಮನೆಯಲ್ಲೂ ಮಗುವನ್ನೋ ವಯಸ್ಸಾದವರನ್ನೋ ನೋಡಿಕೊಳ್ಳುವವರು ಇದ್ದರೆ ಸಂಬಳ, ಸಮಯ, ರಜೆ ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಮಳೆ, ಬಂದ್, ಆನೆ ಅಂತ ಅವರದ್ದಲ್ಲದ ತಪ್ಪಿಗೆ ಸಂಬಳ ಹಿಡಿಯಬೇಡಿ. ಯಾರಾದರೂ ಮನೆಗೆ ಬಂದಾಗ ಅವರನ್ನು ಹೆಸರು ಹೇಳಿ ಪರಿಚಯಿಸಿ. ಅದಕ್ಕೆ ದುಡ್ಡು ಖರ್ಚಾಗಲ್ಲ, ಆದರೂ ನನಗೆ ಅದೇ ಕಷ್ಟವಾಗಿತ್ತು.

ಅಕ್ಕ ಈ ಸಲ ಕೆ-ಸೆಟ್ ಬರೆದಿದ್ದಾರೆ. ಮಗಳು ಮಲಗೋ ಎರಡು ಗಂಟೆ ಅವರ ಓದಿಗೆ ಅಂತ ಬಿಟ್ಟಿದ್ದೆವು. ಆ ಹೊತ್ತಲ್ಲಿ ಅತ್ತೆ ಟಿ.ವಿ. ಸೌಂಡ್ ಕೂಡ ಇಡುತ್ತಿರಲಿಲ್ಲ. ಪಾಸಾದರೆ ಅವರು ಹೋಗುತ್ತಾರೆ. ಆಮೇಲೆ ನಮ್ಮ ಗತಿಯೇನು ಅಂತ ನೆನೆದರೆ ಭಯವಾಗುತ್ತೆ. ಆದರೂ ಪಾಸಾಗಲಿ ಅಂತಲೇ ದೇವರಿಗೆ ಕೈ ಮುಗಿಯುತ್ತೇನೆ.

ಪರೀಕ್ಷೆ ಇದ್ದ ವಾರ ಆಫೀಸಿನಲ್ಲಿ ರಿಲೀಸ್ ಕೆಲಸ ಜೋರಾಗಿತ್ತು. ನಾನು ರಜೆ ಹಾಕಿದೆ. ಯಾಕೆ ಅಂತ ಮ್ಯಾನೇಜರ್ ಕೇಳಿದರು. “ನಮ್ಮ ಮಗಳನ್ನ ನೋಡ್ಕೊಳ್ಳೋ ಅಕ್ಕನಿಗೆ ಪರೀಕ್ಷೆ ಇದೆ ಸರ್” ಅಂದೆ.