ಕತ್ತರಿಸಿದರೂ ಚಿಗುರುವ ಯಕೃತ್ತಿನ ಗಡ್ಡೆ

ಕಳೆದುಹೋದ ಭಾಗವನ್ನು ಮತ್ತೆ ಬೆಳೆಸಿಕೊಳ್ಳುವ ಶಕ್ತಿ ಯಕೃತ್ತಿಗೆ, ಅಂದರೆ ಲಿವರಿಗೆ, ಇರುವಷ್ಟು ದೇಹದ ಬೇರಾವ ದೊಡ್ಡ ಒಳಾಂಗಕ್ಕೂ ಇಲ್ಲ. ಇಲಿಯ ಯಕೃತ್ತಿನ ಮೂರನೇ ಎರಡು ಪಾಲನ್ನು ಕತ್ತರಿಸಿ ತೆಗೆದರೂ ಉಳಿದ ಭಾಗವು ಕೆಲವೇ ವಾರಗಳಲ್ಲಿ ಮೊದಲಿನ ತೂಕಕ್ಕೆ ಬೆಳೆಯುವುದನ್ನು ಹಿಗ್ಗಿನ್ಸ್ ಮತ್ತು ಆಂಡರ್ಸನ್ 1931ರಲ್ಲಿಯೇ ತೋರಿಸಿದ್ದರು. ಯಕೃತ್ತಿನ ಕ್ಯಾನ್ಸರು ಇದೇ ಶಕ್ತಿಯನ್ನು ತನ್ನದಾಗಿಸಿಕೊಳ್ಳುತ್ತದೆ. ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಮೇಲೂ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಅದು ಐದು ವರ್ಷಗಳೊಳಗೆ ಮರುಕಳಿಸುತ್ತದೆ. ಹೀಗೆ ಬರುವವುಗಳಲ್ಲಿ ಕೆಲವು ಹಾಳಾದ ಯಕೃತ್ತಿನಲ್ಲಿ ಹೊಸದಾಗಿ ಹುಟ್ಟಿದವಾದರೆ, ಉಳಿದವು ಹಳೆಯ ಗಡ್ಡೆಯ ಅಳಿದುಳಿದ ಕೋಶಗಳಿಂದಲೇ ಬೆಳೆದವು.

ಹೀಗೆ ಗಡ್ಡೆಯನ್ನು ಮತ್ತೆ ಕಟ್ಟಬಲ್ಲ ಕೆಲವೇ ಕೋಶಗಳು ಕಾಂಡಕೋಶಗಳಂತೆ ವರ್ತಿಸುತ್ತವೆ, ಅಂದರೆ ವಿಭಜಿಸುವಾಗ ತಮ್ಮಂಥದೇ ಕೋಶವೊಂದನ್ನು ಉಳಿಸಿಕೊಂಡು, ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸುತ್ತವೆ. ಎಪ್‌ಕ್ಯಾಮ್, ಸಿಡಿ-133, ಸಿಡಿ-90 ಮುಂತಾದ ಮೇಲ್ಮೈ ಪ್ರೋಟೀನುಗಳಿಂದ ಅವುಗಳನ್ನು ಗುರುತಿಸುತ್ತಾರೆ.

ಈ ಗುಣವನ್ನು ಕಾಯುವ ವ್ಯವಸ್ಥೆಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ವಿಂಟ್ ಸಂಕೇತಮಾರ್ಗ. ಆರೋಗ್ಯವಂತ ಕೋಶದಲ್ಲಿ ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನನ್ನು ಆಕ್ಸಿನ್, ಎಪಿಸಿ ಮೊದಲಾದ ಪ್ರೋಟೀನುಗಳ ಕೂಟವೊಂದು ಹಿಡಿದು, ಫಾಸ್ಫೇಟಿನ ಗುರುತು ಹಚ್ಚಿ, ನಾಶಕ್ಕೆ ಒಪ್ಪಿಸುತ್ತಿರುತ್ತದೆ. ವಿಂಟ್ ಸಂಕೇತ ಬಂದಾಗ ಮಾತ್ರ ಆ ಕೂಟ ಸುಮ್ಮನಾಗಿ, ಬೀಟಾ-ಕ್ಯಾಟೆನಿನ್ ಕೋಶಕೇಂದ್ರವನ್ನು ಹೊಕ್ಕು ಬೆಳವಣಿಗೆಯ ವಂಶವಾಹಿಗಳನ್ನು ಎಚ್ಚರಿಸುತ್ತದೆ. ಈ ಕ್ಯಾನ್ಸರಿನ ಸುಮಾರು ಮೂರನೇ ಒಂದು ಪಾಲಿನಷ್ಟು ಗಡ್ಡೆಗಳಲ್ಲಿ ಬೀಟಾ-ಕ್ಯಾಟೆನಿನ್ನಿನ ವಂಶವಾಹಿಯೇ ಬದಲಾಗಿರುವುದರಿಂದ ಆ ಗುರುತು ಅಂಟುವುದಿಲ್ಲ, ಸಂಕೇತವಿಲ್ಲದೆಯೂ ಬಾಗಿಲು ತೆರೆದೇ ಇರುತ್ತದೆ. ಆದರೂ ಇಂಥ ಗಡ್ಡೆಗಳ ಕೋಶಗಳು ಎಷ್ಟೋ ಸಲ ಪಕ್ವ ಯಕೃತ್ಕೋಶಗಳನ್ನೇ ಹೋಲುತ್ತವೆ. ಆದ್ದರಿಂದ ವಿಂಟ್ ಒಂದರಿಂದಲೇ ಎಲ್ಲವನ್ನೂ ವಿವರಿಸುವುದು ಅವಸರದ ತೀರ್ಮಾನವಾದೀತು.

ಅಂಗದ ಗಾತ್ರಕ್ಕೆ ಮಿತಿ ಹಾಕುವ ಹಿಪ್ಪೋ ಮಾರ್ಗವೂ ಇಲ್ಲಿ ಸಡಿಲುತ್ತದೆ. ಅದು ಸಾಮಾನ್ಯವಾಗಿ ಯಾಪ್ ಎಂಬ ಪ್ರೋಟೀನನ್ನು ತಡೆದು ನಿಲ್ಲಿಸುತ್ತದೆ; 2007ರ ಪ್ರಯೋಗವೊಂದರಲ್ಲಿ ಯಾಪನ್ನು ಹೆಚ್ಚಿಸಿದಾಗ ಸಣ್ಣಿಲಿಯ ಯಕೃತ್ತು ಸುಮಾರು ನಾಲ್ಕು ಪಟ್ಟು ಬೆಳೆದು, ಅದನ್ನು ನಿಲ್ಲಿಸಿದಾಗ ಮತ್ತೆ ಕುಗ್ಗಿತು. ಇನ್ನು ಸಿಡಿ-13 ಎಂಬ ಮತ್ತೊಂದು ಮೇಲ್ಮೈ ಪ್ರೋಟೀನು ಇರುವ ಕೋಶಗಳು ವಿಭಜಿಸದೆ ಸುಪ್ತವಾಗಿದ್ದು, ಆಮ್ಲಜನಕದ ವಿಷಕಾರಿ ರೂಪಗಳನ್ನು ತಗ್ಗಿಸಿಕೊಂಡು, ವೇಗವಾಗಿ ವಿಭಜಿಸುವ ಕೋಶಗಳನ್ನಷ್ಟೇ ಗುರಿಯಾಗಿಸುವ ಔಷಧಗಳಿಂದ ಪಾರಾಗುತ್ತವೆ.

ಕಾಂಡಕೋಶದ ಗುಣವು ಹುಟ್ಟಿನಿಂದ ಬಂದ ಜಾತಿಯಂತೆ ಸ್ಥಿರವಾದುದಲ್ಲ, ಸುತ್ತಲಿನ ಪರಿಸರ ಅದನ್ನು ಹೊಸದಾಗಿಯೂ ಹುಟ್ಟಿಸಬಲ್ಲದು ಎಂಬುದು ಈ ಸಂಶೋಧನೆಗಳಲ್ಲೆಲ್ಲ ಅತ್ಯಂತ ಮಹತ್ವದ ಅರಿವು. ಹೆಪಟೈಟಿಸ್ ವೈರಸ್ಸು, ಮದ್ಯ ಅಥವಾ ಕೊಬ್ಬಿನಿಂದ ವರ್ಷಗಟ್ಟಲೆ ಉರಿಯೂತಕ್ಕೆ ಒಳಗಾದ ಯಕೃತ್ತಿನಲ್ಲಿ ರಕ್ಷಕ ಕೋಶಗಳು ಸ್ರವಿಸುವ ಇಂಟರ್‌ಲ್ಯೂಕಿನ್-6, ಸ್ಟ್ಯಾಟ್-3 ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಅದು ಭ್ರೂಣದ ಕಾಂಡಕೋಶಗಳಲ್ಲಿ ದುಡಿಯುವ ನ್ಯಾನೋಗ್ ವಂಶವಾಹಿಯನ್ನು ಎಬ್ಬಿಸುತ್ತದೆ. ಗಾಯ ಮಾಗಿಸಲೆಂದು ಇರುವ ಏರ್ಪಾಡೇ ಹೀಗೆ ಸಾಮಾನ್ಯ ಕ್ಯಾನ್ಸರ್ ಕೋಶವನ್ನೂ ಹಿಂದಕ್ಕೆ, ಕಾಂಡಕೋಶದ ಸ್ಥಿತಿಗೆ, ಒಯ್ಯಬಲ್ಲದು. ಈಗಿರುವ ಅಂಥ ಕೋಶಗಳನ್ನು ಕೊಂದಷ್ಟಕ್ಕೆ ಕೆಲಸ ಮುಗಿಯದಿರುವುದೂ ಇದರಿಂದಲೇ.

ಔಷಧಗಳ ಸಾಧನೆ ಇನ್ನೂ ಅಲ್ಪ. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೊರಾಫೆನಿಬ್, ಮುಂದುವರಿದ ಹಂತದ ರೋಗಿಗಳ ಮಧ್ಯಮ ಬದುಕುಳಿಯುವಿಕೆಯನ್ನು 7.9 ತಿಂಗಳಿಂದ 10.7 ತಿಂಗಳಿಗೆ ಏರಿಸಿತು. ಆ ಬಳಿಕ ಬಂದ ರೋಗನಿರೋಧಕ ಚಿಕಿತ್ಸೆಗಳು ಇದನ್ನು ಇನ್ನಷ್ಟು ಮುಂದೊಯ್ದಿವೆ. ಉರಿಯೂತವನ್ನು ಬುಡದಲ್ಲೇ ತಡೆಯುವ ಸಾಧನವೊಂದು ಮಾತ್ರ ಈಗಾಗಲೇ ಕೈಯಲ್ಲಿದೆ: ಭಾರತದ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್-ಬಿ ಲಸಿಕೆಯ ಮೊದಲ ಡೋಸನ್ನು ಮಗು ಹುಟ್ಟಿದ 24 ಗಂಟೆಯೊಳಗೆ ಉಚಿತವಾಗಿ ಹಾಕಲಾಗುತ್ತದೆ.