ವರ್ಣಿಸಬೇಕಾದ್ದು ಮನೆಯನ್ನು, ಬಾಡಿಗೆಗೆ ಬರುವವರನ್ನಲ್ಲ

ಅಮೆರಿಕದಲ್ಲಿ ಮನೆ ಮಾರಾಟದ, ಬಾಡಿಗೆಯ ಜಾಹೀರಾತಿನಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯುವಂತಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಫೇರ್ ಹೌಸಿಂಗ್ ಕಾಯ್ದೆ ಇದಕ್ಕೆ ಕಾರಣ. ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ನಿರಾಕರಿಸುವುದನ್ನು ಅದು ಮೊದಲು ತಡೆಯಿತು. 1974ರಲ್ಲಿ ಲಿಂಗ, 1988ರಲ್ಲಿ ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬ ಈ ಪಟ್ಟಿಗೆ ಸೇರಿದವು.

ಬಾಡಿಗೆಗೆ ಕೊಡುವುದಕ್ಕಿಂತ ಜಾಹೀರಾತಿನ ವಿಷಯದಲ್ಲೇ ಕಾಯ್ದೆ ಹೆಚ್ಚು ಬಿಗಿ. ಹೆಚ್ಚೆಂದರೆ ನಾಲ್ಕು ಸಂಸಾರ ಹಿಡಿಸುವ ಕಟ್ಟಡದಲ್ಲಿ ಮಾಲೀಕರೂ ವಾಸವಿದ್ದರೆ, ಬಾಡಿಗೆದಾರರ ಆಯ್ಕೆಯಲ್ಲಿ ಈ ಕಾಯ್ದೆ ಅವರಿಗೆ ವಿನಾಯಿತಿ ಕೊಡುತ್ತದೆ. ಆದರೆ ‘ಇಂಥವರೇ ಬೇಕು’ ಎಂದು ಅಚ್ಚು ಹಾಕಿಸಲು ಅವರಿಗೂ ಅವಕಾಶವಿಲ್ಲ. ಅಚ್ಚು ಹಾಕಿದ ಪತ್ರಿಕೆಯೂ ತಪ್ಪಿತಸ್ಥ. ಮೇರಿಲ್ಯಾಂಡಿನ ಒಂದು ವಾರಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ, ಬಾಡಿಗೆಗಿದ್ದ ನೆಲಮಾಳಿಗೆ ‘ಬಿಳಿಯರ ಮನೆ’ಯಲ್ಲಿದೆ ಎಂದು ಬಂದಿತ್ತು. ಬಿಳಿಯರಿಗೆ ಮಾತ್ರ ಎಂದು ಎಲ್ಲೂ ಇರಲಿಲ್ಲ. ಸಾಮಾನ್ಯ ಓದುಗರಿಗೆ ಅರ್ಥವಾಗುವುದು ಅದೇ ತಾನೇ ಎಂದು ಮೇಲ್ಮನವಿ ನ್ಯಾಯಾಲಯ 1972ರಲ್ಲಿ ಪತ್ರಿಕೆಯ ವಿರುದ್ಧ ತೀರ್ಪು ಕೊಟ್ಟಿತು. ಬರೆದವರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕಿಂತ ಓದಿದವರಿಗೆ ಏನು ಕೇಳಿಸಿತು ಎಂಬುದೇ ಅಳತೆಗೋಲಾಯಿತು.

ಹೆದರಿದ ಏಜೆಂಟರು ಆಮೇಲೆ ‘ಒಳ್ಳೆಯ ನೋಟ’ ಎಂದರೆ ಕುರುಡರಿಗೆ, ‘ನಡೆದು ಹೋಗುವಷ್ಟು ಹತ್ತಿರ’ ಎಂದರೆ ಕಾಲಿಲ್ಲದವರಿಗೆ ಅವಮಾನವೇ ಎಂದು ಅನುಮಾನಿಸತೊಡಗಿದರು. ಇದು ಅತಿಯಾಯಿತು. ಅಂಥ ಮಾತುಗಳಿಗೆ ಅಡ್ಡಿಯಿಲ್ಲವೆಂದು ವಸತಿ ಇಲಾಖೆಯೇ 1995ರಲ್ಲಿ ಸ್ಪಷ್ಟಪಡಿಸಿತು. ‘ಮಕ್ಕಳಿಗೆ ಅವಕಾಶವಿಲ್ಲ’, ‘ಕ್ರೈಸ್ತರಿಗೆ ಆದ್ಯತೆ’ ಎಂಬಂಥವು ಮಾತ್ರ ಇಂದಿಗೂ ತಪ್ಪು. ಕಾನೂನುಬದ್ಧ ಹಿರಿಯರ ವಸತಿ ಸಮುಚ್ಚಯಗಳಿಗಷ್ಟೇ ಮಕ್ಕಳ ವಿಷಯದಲ್ಲಿ ವಿನಾಯಿತಿ. ಅಡುಗೆಮನೆ, ಬಚ್ಚಲುಮನೆ ಹಂಚಿಕೊಳ್ಳುವ ಕಡೆ ಹೆಂಗಸರು ಅಥವಾ ಗಂಡಸರು ಬೇಕೆಂದು ಕೇಳುವುದನ್ನೂ ಇಲಾಖೆ ಒಪ್ಪುತ್ತದೆ.

ಬೆಂಗಳೂರಿನ ಗೇಟುಗಳಲ್ಲಿ ‘ಟು ಲೆಟ್’ ಜೊತೆಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಖಾಸಗಿ ಮಾಲೀಕರ ಜಾಹೀರಾತಿಗೆ ಇಂಥದೊಂದು ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಆದರೆ ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮನೆ ಕೊಂಡು ಬಾಡಿಗೆಗೆ ಬಿಡುವ ಕನ್ನಡಿಗರು ‘ಭಾರತೀಯ ಕುಟುಂಬಕ್ಕೆ ಆದ್ಯತೆ’ ಎಂದು ಬರೆದರೆ ಅದು ಮೂಲದೇಶದ ತಾರತಮ್ಯವೇ. ಎರಡು ಕೋಣೆ, ಎರಡನೇ ಮಹಡಿ, ರೈಲು ನಿಲ್ದಾಣ ಹತ್ತಿರ, ತಿಂಗಳ ಬಾಡಿಗೆ ಇಷ್ಟು ಎಂದು ಬರೆದು ನಿಲ್ಲಿಸಿದರೆ ಸಾಕು.